ಭೂಮಿಕಾನ ನೀಲಿ ಎತ್ತು

ಮಾವಾರ,

ನಾ ಮೀಟಿಂಗಿಗೆ ಸವದತ್ತಿಗೆ ಹೊಂಟೇನಿ. ರೊಟ್ಟಿ ಬುಟ್ಟ್ಯಾಗ ಅದಾವು, ಝುಣಕ ಮುಚ್ಚಿಟ್ಟೇನಿ.

ಸಂಜಿ ನಾಕಕ್ಕ ಸಣ್ಣ ಹುಡುಗೂರು ಚಿತ್ರ ಕಲಿಯಾಕ ಬರತಾವು. ಚಿತ್ರದ ಪುಸ್ತಕ ಕಪಾಟಿನಾಗ ಇಟ್ಟು ಕೀಲಿ ಹಾಕಬ್ಯಾಡ್ರಿ. ಹರದ್ರ ನಾ ಅಂಟಸ್ತೇನಿ.

ನಿನ್ನೆ ಭೂಮಿಕಾ ಎತ್ತಿಗೆ ನೀಲಿ ಬಣ್ಣ ಹಚ್ಚಿದ್ಲಂತ ಹಾಳಿ ಹರದ ಒಗದ್ರಿ. "ಯಾವ ಊರಾಗ ನೀಲಿ ಎತ್ತು ಐತಿ?" ಅಂತ ಬೈದು ಮಮ್ಮಗಳನ್ನ ಅಳಸಿದ್ರಿ. ಪುಸ್ತಕದಾಗಿನ ಎತ್ತು ಬಿಳಿ ಐತಿ, ಖರೆ. ಅದನ್ನ ನೋಡಿ ಹುಡುಗೂರು ತಮ್ಮದ ಎತ್ತಿನ ಚಿತ್ರ ತಗೀಲಿ ಅಂತನ ಪುಸ್ತಕ ತಂದೇನಿ. ಇವತ್ತೂ ನೀಲಿನ ಹಚ್ಚು ಅಂತ ಆಕಿಗೆ ನಾನ ಹೇಳೇನಿ. ತಡೀಬ್ಯಾಡ್ರಿ.

ಕಾರಹುಣ್ಣಿವಿಗೆ ನಮ್ಮ ಎತ್ತಿನ ಕೋಡಿಗೆ ಹಸರು, ಮೈಗೆ ಗುಲಾಬಿ ಬಣ್ಣ ಹಚ್ಚಿದವರು ನೀವ. ಇಂಥಾ ಎತ್ತು ಯಾವ ಊರಾಗ ಐತಿ ಅಂತ ಆಕಿ ಕೇಳಲಿಲ್ಲ. ಬಣ್ಣದ ಡಬ್ಬಿ ಹಿಡಕೊಂಡು ನಿಮ್ಮ ಬಾಜೂಕ ನಿಂತಿದ್ಲು.

ಸೊಸಿ,
ಸುಮಂಗಲಾ