ಎಡಗಡೆಯ ಚಕ್ರ

ಫೆಬ್ರವರಿ 3, ಸೋಮವಾರ

ಬೆಳಿಗ್ಗೆ ರಂಗಮಂದಿರದ ಪರದೆಯ ಹಗ್ಗ ಬದಲಿಸಿದೆ. ಹಳೆಯದು ಸವೆದು ನಾರಾಗಿತ್ತು.

ಮಧ್ಯಾಹ್ನ ಮ್ಯಾನೇಜರು ಬಂದರು. ಸೇತುವೆ ನಾಟಕವನ್ನು ಮತ್ತೆ ಆಡುತ್ತಾರಂತೆ. ಹೊಸ ನಿರ್ದೇಶಕಿ, ಹೊಸ ಸೆಟ್. ಸೇತುವೆಯ ಎರಡು ಅರ್ಧಕ್ಕೂ ಮೋಟಾರ್. ತಳ್ಳುವವರು ಬೇಡ.

"ನಿಮಗೂ ವಯಸ್ಸಾಯ್ತಲ್ಲ. ಇನ್ಮೇಲೆ ಗುಂಡಿ ಒತ್ತಿದ್ರೆ ಸಾಕು," ಎಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು.

ಸರಿ ಎಂದೆ.

ಬಲಗಡೆಯ ಅರ್ಧ ತಳ್ಳುತ್ತಿದ್ದದ್ದು ನಾನು. ಎಡಗಡೆಯದು ಅಣ್ಣ. ಅಣ್ಣ ತೀರಿಹೋದ ಮೇಲೆ ಎರಡೂ ಹಿಂದಿನ ಗೋದಾಮಿನಲ್ಲಿ, ಟಾರ್ಪಾಲಿನ ಕೆಳಗೆ.

ಫೆಬ್ರವರಿ 5

ಬಸ್ಸಿನಲ್ಲಿ ಪಕ್ಕದವನ ಫೋನಿನಲ್ಲಿ ಆ ನಾಟಕದ ಹಾಡು. ಯಾರೋ ಹೊಸ ಹುಡುಗಿ, ಹೊಸ ಹುಡುಗ. ಕೊನೆಯ ಚರಣಕ್ಕೆ ಮೊದಲು ಎಲ್ಲ ನಿಂತು, ಆಮೇಲೆ ಒಂದು ಕಿರ್‌ರ್... ಇವರು ಗಿಟಾರಿನ ತಂತಿಯ ಮೇಲೆ ಉಗುರು ಎಳೆದಿದ್ದಾರೆ. ಪಿಟೀಲಿನಲ್ಲಿ ಮಾಡಿದ್ದು ಕೇಳಿದ್ದೇನೆ. ಕಂಪ್ಯೂಟರಿನಲ್ಲಿ ಮಾಡಿದ್ದನ್ನೂ. ಒಂದು ಶಾಲೆಯ ಮಕ್ಕಳು ಬಾಯಲ್ಲೇ ಮಾಡಿದ್ದರು. ಇದ್ದುದರಲ್ಲಿ ಅದೇ ಹತ್ತಿರ.

ಅದು ಅಣ್ಣ ತಳ್ಳುತ್ತಿದ್ದ ಅರ್ಧ ಸೇತುವೆಯ ಚಕ್ರದ ಸದ್ದು. ಮೊದಲ ರೆಕಾರ್ಡು ಮಾಡಿದ್ದು ಸ್ಟುಡಿಯೋದಲ್ಲಲ್ಲ, ಆಟ ನಡೆಯುವಾಗಲೇ ಮೈಕು ಇಟ್ಟು. ಹಾಡುವ ನಾಯಕ, ನಾಯಕಿ ಇಬ್ಬರೂ ಸೇತುವೆಯ ಒಂದೊಂದು ಅರ್ಧದ ಮೇಲೆ ನಿಂತಿರುತ್ತಿದ್ದರು. ಮುಖ ಜನರ ಕಡೆ, ಕಣ್ಣಿಗೆ ನೇರ ಲೈಟು. ಸೇತುವೆ ಕೂಡಿತೋ ಇಲ್ಲವೋ ಎಂದು ತಿರುಗಿ ನೋಡುವಂತಿಲ್ಲ. ಸದ್ದು ನಿಂತರೆ ಕೂಡಿತು ಎಂದು ಅರ್ಥ. ಆಗ ಅವಳು ಕೊನೆಯ ಚರಣ ಹಾಡಬೇಕು, ಆಮೇಲೆ ಅವನು. ಅದಕ್ಕೇ ಅಣ್ಣ ಆ ಚಕ್ರಕ್ಕೆ ಎಣ್ಣೆ ಬಿಡಲಿಲ್ಲ. ಯಾರಿಗೂ ಬಿಡಗೊಡಲೂ ಇಲ್ಲ.

ಪಕ್ಕದವನಿಗೆ ಹೇಳಲಿಲ್ಲ. ಯಾಕೆ ಹೇಳಬೇಕು.

ಫೆಬ್ರವರಿ 9, ಭಾನುವಾರ

ಊಟಕ್ಕೆ ಅತ್ತಿಗೆಯ ಮನೆಗೆ. ಟಿವಿಯಲ್ಲಿ ಹಾಸಿಗೆಯ ಜಾಹೀರಾತು, ಅದಕ್ಕೂ ಅದೇ ಹಾಡು. ಕಿರ್‌ರ್ ಎಂದಾಗ ಹಳೇ ಮಂಚ ತೋರಿಸುತ್ತಾರೆ. ಅತ್ತಿಗೆ ಎದ್ದು ಆಫ್ ಮಾಡಿದರು.

"ನಿಮ್ಮಣ್ಣನ ಸೋಮಾರಿತನ ಲೋಕಕ್ಕೆಲ್ಲಾ ಕೇಳ್ತಿದೆ ನೋಡು. ಒಂದು ತೊಟ್ಟು ಎಣ್ಣೆ ಬಿಡೋಕಾಗ್ಲಿಲ್ಲ ಆ ಮನುಷ್ಯನಿಗೆ."

ಅಣ್ಣ ಇದ್ದಾಗಲೂ ಇದನ್ನೇ ಹೇಳುತ್ತಿದ್ದರು. ಆಗ ನಗುತ್ತಾ.

ಕಿಟಕಿಯಾಚೆ, ಎದುರಿನ ವ್ಯಾಯಾಮಶಾಲೆಯಲ್ಲೂ ಅದೇ ಹಾಡು. ದಡಬಡ ತಾಳ, ನಡುವೆ ಎಲ್ಲೂ ನಿಲ್ಲುವುದೇ ಇಲ್ಲ.

"ಇದು ವಾಸಿ. ಇವರು ಎಣ್ಣೆ ಹಾಕಿದ್ದಾರೆ," ಎಂದರು.

ಸೋಮಾರಿತನ ಅಲ್ಲ ಅತ್ತಿಗೆ ಎಂದೆ. ಯಾಕೆ ಎಂದು ಹೇಳಿದೆ. ಅವರು ಆ ನಾಟಕ ನೋಡಿಯೇ ಇಲ್ಲ. ಆಸ್ಪತ್ರೆಯ ಲಾಂಡ್ರಿಯಲ್ಲಿ ಸದಾ ಸಂಜೆ ಪಾಳಿ. ತಟ್ಟೆ ತೊಳೆಯುತ್ತಿದ್ದ ಕೈ ನಿಂತಿತು.

"ಮತ್ತೆ ನನ್ನ ಹತ್ರ ಯಾಕೆ ಹೇಳ್ಲಿಲ್ಲ ಅವರು?"

"ನೀವು ಬಯ್ಯೋದು ಅವನಿಗೆ ಇಷ್ಟ ಇತ್ತು."

ನಲ್ಲಿ ಜೋರಾಗಿ ಬಿಟ್ಟರು.

ಫೆಬ್ರವರಿ 11

ಹಲ್ಲುನೋವು. ಬೇರೇನಿಲ್ಲ.

ಫೆಬ್ರವರಿ 14

ಹೊಸ ಸೇತುವೆಯ ಮೊದಲ ರಿಹರ್ಸಲ್. ಮೋಟಾರು ಬೆಕ್ಕಿನಂತೆ ಹೋಗುತ್ತದೆ, ಸದ್ದೇ ಇಲ್ಲ. ಆ ಕಿರ್‌ರ್ ಅನ್ನು ಹಳೇ ರೆಕಾರ್ಡಿನಿಂದ ಕತ್ತರಿಸಿ ತೆಗೆದಿದ್ದಾರೆ. ಸೌಂಡಿನವನು ಸ್ಪೀಕರಿನಲ್ಲಿ ಬಿಟ್ಟ.

ನಾನು ಬಲಗಡೆ ಗುಂಡಿಯ ಹತ್ತಿರ ನಿಂತಿದ್ದೆ. ಎಡಗಡೆಯಿಂದ ಅಣ್ಣ ಹೊರಟ. ನಾನೂ ಹೊರಟೆ. ಕೈ ಮುಂದೆ ಚಾಚಿ ನಾಲ್ಕು ಹೆಜ್ಜೆ ಹೋಗಿದ್ದೇನೆ... ಗುಂಡಿ ಒತ್ತಿಲ್ಲ.

"ಅಣ್ಣಾ, ಏನಾಯ್ತು?" ಎಂದು ನಿರ್ದೇಶಕಿ ಕೂಗಿದರು. ಅವರು ಎಲ್ಲರನ್ನೂ ಅಣ್ಣಾ ಎನ್ನುತ್ತಾರೆ.

ಏನಿಲ್ಲ ಮೇಡಂ ಎಂದೆ.

ಎರಡನೇ ಸಲ ಒತ್ತಿದೆ. ಸದ್ದು ಮುಗಿಯುವ ಮೊದಲೇ ಸೇತುವೆ ಕೂಡಿತು. ನಿರ್ದೇಶಕಿ ಸದ್ದನ್ನು ಅರ್ಧಕ್ಕೆ ಕತ್ತರಿಸಲು ಹೇಳಿದರು. ಸರಿಯೇ. ಅಷ್ಟು ಹೊತ್ತು ಜನ ಸುಮ್ಮನೆ ಕೂರುವುದಿಲ್ಲ.

ಹಳೆಯ ಸೇತುವೆ ಮುಂದಿನ ವಾರದ ಶನಿವಾರ ಗುಜರಿಗಂತೆ.

ಫೆಬ್ರವರಿ 18

ಅತ್ತಿಗೆಗೆ ವಿಷಯ ಹೇಳಿದೆ. ದಿಂಬಿನ ಕವರು ಮಡಿಸುತ್ತಿದ್ದರು. ಕೆಲಸದ್ದೇ ಅಭ್ಯಾಸ, ಮನೆಯದ್ದನ್ನೂ ಆಸ್ಪತ್ರೆಯದ್ದರ ಹಾಗೆ ಮೂಲೆಗೆ ಮೂಲೆ ಸೇರಿಸಿ.

"ಆ ಚಕ್ರ ಒಂದನ್ನ ಬಿಚ್ಚಿಕೊಂಡು ಬರ್ಲಾ?"

"ಚಕ್ರ ತಗೊಂಡು ಏನಪ್ಪಾ ಮಾಡ್ಲಿ? ಬೀದೀಲಿ ಉರುಳಿಸ್ಕೊಂಡು ಓಡ್ಲಾ?"

ಇಬ್ಬರೂ ನಕ್ಕೆವು. ಬಹಳ ದಿನವಾಗಿತ್ತು.

ನಾನು ಚಪ್ಪಲಿ ಹಾಕಿಕೊಳ್ಳುವಾಗ ಬಾಗಿಲಿಗೆ ಬಂದರು.

"ಬರೀ ಚಕ್ರ ತಿರುಗಿಸಿದ್ರೆ ಸದ್ದು ಬರಲ್ಲ, ಅಲ್ವಾ? ಮೇಲೆ ಭಾರ ಇರ್ಬೇಕು."

ಹೌದು ಎಂದೆ.

"ನಮ್ಮ ಲಾಂಡ್ರಿ ಗಾಡಿಗಳೂ ಹಂಗೇ. ಶನಿವಾರ ಲಾರಿ ಎಷ್ಟೊತ್ತಿಗೆ ಬರುತ್ತೆ?"

ಫೆಬ್ರವರಿ 22, ಶನಿವಾರ

ಅತ್ತಿಗೆ ಬೆಳಿಗ್ಗೆಯೇ ಬಂದರು. ಲಾಂಡ್ರಿಯ ನೀಲಿ ಕೋಟಿನಲ್ಲೇ. ಮ್ಯಾನೇಜರನ್ನು ಕೇಳಿದೆ. "ಲಾರಿ ಬರೋವರೆಗೆ ನಿಮ್ಮದೇ, ಏನಾದ್ರೂ ಮಾಡ್ಕೊಳ್ಳಿ," ಎಂದು ಟೀ ಕುಡಿಯಲು ಹೋದರು.

ನಿನ್ನೆ ಸಂಜೆಯೇ ಎರಡೂ ಅರ್ಧವನ್ನು ಗೋದಾಮಿನಿಂದ ತಂದು ರಂಗದ ಎರಡು ಬದಿಗೆ ನಿಲ್ಲಿಸಿದ್ದರು. ಟಾರ್ಪಾಲು ತೆಗೆದೆ. ಎಡಗಡೆಯ ಕಟಾಂಜನದಲ್ಲಿ ಅಣ್ಣ ಹಿಡಿಯುತ್ತಿದ್ದ ಜಾಗದ ಬಣ್ಣ ಹೋಗಿ ಮರ ನುಣುಪಾಗಿದೆ. ತೋರಿಸಬೇಕಾಗಲಿಲ್ಲ. ಅತ್ತಿಗೆ ಅಲ್ಲೇ ಕೈಯಿಟ್ಟರು.

"ನಾನು ತಳ್ಳಿ ಕೊಡ್ತೀನಿ, ನೀವು ಕೂತು ಕೇಳಿ," ಎಂದೆ.

"ಆಚೆ ಹೋಗು. ಒದ್ದೆ ಬಟ್ಟೆ ಗಾಡಿ ತಳ್ಳಿದ ಕೈ ಇದು."

ಬಲಗಡೆಗೆ ಹೋಗಿ ನಿಂತೆ. ರಂಗದ ಮೇಲೆ ಲೈಟಿಲ್ಲ, ಆ ಕಡೆಯವರು ಕಾಣುವುದಿಲ್ಲ. ಮೊದಲೂ ಕಾಣುತ್ತಿರಲಿಲ್ಲ.

ಸದ್ದು ಶುರುವಾಯಿತು. ಸ್ಪೀಕರಿನದ್ದಲ್ಲ, ನೆಲದಿಂದ ಬರುವಂಥದ್ದು. ಪಾದಕ್ಕೆ ತಾಗುತ್ತದೆ. ನಾನೂ ತಳ್ಳಿದೆ. ಅತ್ತಿಗೆಯದು ಅಣ್ಣನಿಗಿಂತ ನಿಧಾನ. ನಡುವೆ ನಿಂತುಬಿಟ್ಟಿತು.

"ಅತ್ತಿಗೆ, ಇನ್ನೂ ಇದೆ."

"ಗೊತ್ತು ಮಾರಾಯ, ಉಸಿರು ಬಿಡೋಕೆ ಬಿಡು."

ಮತ್ತೆ ಸದ್ದು. ಕೊನೆಗೆ ಎರಡೂ ಕೂಡಿದವು. ಅಂಗೈಗೆ ಆ ಹಳೆಯ ಗುದ್ದು. ಸದ್ದು ನಿಂತಿತು.

"ಈಗ?" ಎಂದರು ಆ ಕಡೆಯಿಂದ.

"ಈಗ ಅವಳು ಹಾಡ್ತಾಳೆ."

ಹೊರಗೆ ಲಾರಿಯ ಹಾರನ್. ಅತ್ತಿಗೆ ಕಟಾಂಜನ ಬಿಡಲಿಲ್ಲ. ಗಂಟಲು ಸರಿ ಮಾಡಿಕೊಂಡರು. ಕೇಳಿಸಿದಾಗಲೆಲ್ಲ ಎದ್ದು ಆಫ್ ಮಾಡುತ್ತಿದ್ದವರು... ಅವಳ ಸಾಲು ಪೂರ್ತಿ ಬರುತ್ತಿತ್ತು ಅವರಿಗೆ. ಒಂದು ಅಕ್ಷರವೂ ತಪ್ಪಲಿಲ್ಲ. ಮುಗಿಸಿ, ಕಾಯುತ್ತಾ ನಿಂತರು.

ಮುಂದಿನದು ಅವನ ಸಾಲು. ನಾನು ಶುರು ಮಾಡಿದೆ.