ಕತ್ತರಿ ಸಿಕ್ಕಿತು

ಹೊಲಿಗೆ ಅಂಗಡಿಯಿಂದ,
ಹದಿನಾಲ್ಕನೇ ತಾರೀಖು, ಶನಿವಾರ ಮಧ್ಯಾಹ್ನ

ಪ್ರೀತಿಯ ಪುಟ್ಟೀ,

ಹೇಗಿದ್ದೀಯಮ್ಮ? ಕೆಮ್ಮು ಕಡಿಮೆಯಾಯಿತೇ? ಅಳಿಯಂದಿರ ಸೊಂಟನೋವು ಹೇಗಿದೆ? ಬಿಸಿನೀರು ಕುಡಿ ಎಂದರೆ ಕೇಳುವವಳಲ್ಲ ನೀನು, ಆದರೂ ಹೇಳದೆ ಇರಲಾರೆ. ನಾನು ಊಟ ಮಾಡುತ್ತಿದ್ದೇನೆ, ಓಡಾಡುತ್ತಿದ್ದೇನೆ. ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ನೀನು ನಡುವೆ ಬಾಯಿ ಹಾಕುತ್ತೀ, ನನಗೆ ಅಳು ಬರುತ್ತದೆ, ಹೇಳಬೇಕಾದದ್ದು ಅಲ್ಲೇ ಉಳಿಯುತ್ತದೆ. ಕಾಗದಕ್ಕೆ ಎದುರುತ್ತರ ಕೊಡಲು ಆಗುವುದಿಲ್ಲ ನೋಡು.

ನೀನೇ ಹಟ ಹಿಡಿದು ನನ್ನ ಹೆಸರು ಸೇರಿಸಿದ ಆ ಅಧ್ಯಯನಕ್ಕೆ ಮೊನ್ನೆ ಹೋಗಿಬಂದೆ. ವಯಸ್ಸಾದವರ ಖಿನ್ನತೆಗೂ, ಯೋಚಿಸುವ ಶಕ್ತಿಗೂ, ಮುಂದೆ ಮರೆವಿನ ಕಾಯಿಲೆ ಬರುವ ಸಂಭವಕ್ಕೂ ಏನು ನಂಟು ಎಂದು ನೋಡುತ್ತಾರಂತೆ. ಆಸ್ಪತ್ರೆಯ ಹಿಂಭಾಗದಲ್ಲಿ ಒಂದು ಚಿಕ್ಕ ಕೋಣೆ, ಮೇಜು ಅಲ್ಲಾಡದಿರಲೆಂದು ಒಂದು ಕಾಲಿಗೆ ರಟ್ಟು ಮಡಚಿ ಕೊಟ್ಟಿದ್ದರು. ಪ್ರಶ್ನೆ ಕೇಳುವ ಹುಡುಗಿ ಬಲು ಮೃದು. ಒಂದಷ್ಟು ಪದ ಹೇಳಿ ಆಮೇಲೆ ತಿರುಗಿ ಕೇಳಿದಳು, ಎರಡು ಜಾರಿಹೋಗಿದ್ದವು. ಗಡಿಯಾರ ಬರೆಸಿದಳು, ಅದು ದುಂಡಗೆ ಬಂತು. ಕಾಲರ್ ಕತ್ತರಿಸಿ ಪಳಗಿದ ಕೈಯಲ್ಲವೇ! ನಿದ್ದೆ ಬರುತ್ತದೆಯೇ, ಯಾವುದರಲ್ಲಾದರೂ ಖುಷಿ ಇದೆಯೇ ಎಂದು ಕೇಳಿದಾಗ ಮಾತ್ರ ಸೆರಗಿನ ಅಂಚು ಎಳೆದು ಹೊಲಿಗೆ ನೋಡುತ್ತಾ ಕೂತೆ. ನಿಮ್ಮಪ್ಪ ಹೋದಮೇಲೆ ನನ್ನನ್ನು ಯಾರೂ ಹಾಗೆ ಕೇಳಿರಲಿಲ್ಲ. ಊಟ ಆಯಿತೇ ಎಂದು ಎಲ್ಲರೂ ಕೇಳುತ್ತೀರಿ, ಅದೇನೋ ನಿಜ.

ಈಚೆಗೆ ಏನಾದರೂ ಎಲ್ಲೋ ಇಟ್ಟು ಮರೆತದ್ದುಂಟೇ ಎಂದಳು. ಹೋದ ತಿಂಗಳಿಂದ ನನ್ನ ದೊಡ್ಡ ಕತ್ತರಿ ಕಾಣುತ್ತಿಲ್ಲ ಎಂದೆ. ನಿಮ್ಮಪ್ಪ ತಾವೇ ಹೋಗಿ ಸಾಣೆ ಹಿಡಿಸಿಕೊಂಡು ಬರುತ್ತಿದ್ದ ಕತ್ತರಿ. ಮನೆ, ಅಂಗಡಿ ಎರಡನ್ನೂ ಜಾಲಾಡಿದೆ, ಹೊಲಿಗೆಯಂತ್ರದ ಕೆಳಗೆ ಮಲಗಿ ಹುಡುಕಿದೆ, ನನ್ನ ತಲೆ ಕೆಟ್ಟುಹೋಗಿದೆ ತಾಯಿ ಎಂದು ಗುರುತು ಪರಿಚಯವಿಲ್ಲದ ಆ ಮಗುವಿನ ಎದುರು ಅತ್ತುಬಿಟ್ಟೆ. ಅವಳ ಬಾಯಿ ತಪ್ಪಿ ಬಂತು: "ಅಯ್ಯೋ ಅಜ್ಜಿ, ಕತ್ತರಿ ತಾನೇ ತೆಗೆದಿಡಿಸಿದ್ದೀನಿ ಅಂತ ನಿಮ್ಮ ಮಗಳು ಹೇಳಿದ್ರಲ್ಲ, ನಿಮಗೆ ಗೊತ್ತಿಲ್ವಾ?" ಅಂದಮೇಲೆ ನಾಲಗೆ ಕಚ್ಚಿಕೊಂಡಳು, ಪಾಪ. ನಮ್ಮಂಥವರ ವಿಷಯವನ್ನು ಹತ್ತಿರದವರೊಬ್ಬರ ಬಳಿಯೂ ಕೇಳುವುದು ಅವರ ಪದ್ಧತಿಯಂತೆ. ನನ್ನ ಬಗ್ಗೆ ಕೇಳಲು ನಿನಗೆ ಫೋನು ಮಾಡಿದ್ದರಂತೆ.

ಆಸ್ಪತ್ರೆಯಿಂದ ನೇರ, ದಿನವೂ ಅಂಗಡಿಗೆ ಬಂದು ಗುಂಡಿತೂತಿಗೆ ಕಾಜಾ ಹಾಕುವವಳ ಮನೆಗೆ ಹೋದೆ; ನನ್ನನ್ನು ಬಿಟ್ಟರೆ ಆ ಕತ್ತರಿ ಕೈಗೆಟಕುವುದು ಅವಳೊಬ್ಬಳಿಗೇ. ನನ್ನ ಮುಖ ನೋಡಿದವಳೇ ಅಟ್ಟ ಹತ್ತಿ, ಹಳೇ ಟವೆಲ್ಲಿನಲ್ಲಿ ಸುತ್ತಿಟ್ಟ ಕತ್ತರಿ ಇಳಿಸಿಕೊಟ್ಟಳು. "ಪುಟ್ಟಕ್ಕ ಹೇಳಿದ್ರು ಅಮ್ಮಾ, ನಿಮ್ಮ ಒಳ್ಳೇದಕ್ಕೇ ಅಂದ್ರು" ಎಂದು ಕಾಲು ಹಿಡಿಯಲು ಬಂದಳು. ಬಟ್ಟೆ ಹಾಳು ಮಾಡಿಯೇನು, ಗಿರಾಕಿಗಳ ಎದುರು ಮಾನ ಹೋದೀತು ಎಂದು ನಿನಗೆ ಭಯ, ಅದು ನನಗೆ ಅರ್ಥವಾಗುತ್ತದೆ. ಆ ರೈಲ್ವೆ ಗಾರ್ಡಿನ ಕೋಟಿಗೆ ಎರಡೂ ಎಡಗೈಯ ತೋಳೇ ಕತ್ತರಿಸಿದ್ದೆ, ಸುಳ್ಳಲ್ಲ. "ಅಮ್ಮಾ, ಇನ್ನು ಕತ್ತರಿ ಮುಟ್ಟಬೇಡ" ಎಂದಿದ್ದರೆ ಜಗಳವಾಡುತ್ತಿದ್ದೆ, ಎರಡು ದಿನ ಮುಖ ಊದಿಸಿಕೊಂಡಿರುತ್ತಿದ್ದೆ, ಅಷ್ಟೇ. ಆದರೆ ಕತ್ತರಿ ಕಾಣೆಯಾದ ದಿನ ನಿನಗೇ ಅಲ್ಲವೇ ನಾನು ಫೋನು ಮಾಡಿದ್ದು? "ನಿಧಾನಕ್ಕೆ ನೆನಪು ಮಾಡ್ಕೋ ಅಮ್ಮ, ಕೊನೇಲಿ ಎಲ್ಲಿಟ್ಟಿದ್ದೆ?" ಎಂದೆ ನೀನು. ನಾನು ಕಣ್ಣು ಮುಚ್ಚಿಕೊಂಡು ನೆನಪು ಮಾಡಿಕೊಂಡೆ ಕಣೇ. ನೀನು ಆ ಕಡೆ ಕಾಯುತ್ತಿದ್ದೆ. ಹೆತ್ತ ಮಗಳು ಹೀಗೆ ಕಣ್ಣಿಗೆ ಮಣ್ಣೆರಚುತ್ತಾಳೆಂದು ಯಾರಾದರೂ ಹೇಳಿದ್ದರೆ ಅವರನ್ನೇ ಬೈದು ಕಳಿಸುತ್ತಿದ್ದೆ.

ಇನ್ನೊಂದು. ಮೊದಲು ಗಿರಾಕಿಗಳ ಅಳತೆಯೆಲ್ಲ ಅಮ್ಮನಿಗೆ ಬಾಯಿಪಾಠವಿತ್ತು, ಈಗ ಒಂದೂ ನೆನಪಿಲ್ಲ ಎಂದು ಆಸ್ಪತ್ರೆಯವರ ಫೋನಿನಲ್ಲಿ ಹೇಳಿದೆಯಂತೆ. ಅವತ್ತೇ ಹುಡುಗಿಯ ನಂತರ ನನ್ನನ್ನು ನೋಡಿದ ಡಾಕ್ಟರಮ್ಮ ಇದನ್ನು ಕೇಳಿದಾಗ ನನಗೆ ನಗುವೇ ಬಂತು. ಅಂಗಡಿಯ ಮೂಲೆಯಲ್ಲಿ ಮಗ್ಗಿ ಬರೆಯುತ್ತಾ ಬೆಳೆದವಳು ನೀನು, ಅಷ್ಟೂ ಕಾಣಲಿಲ್ಲವೇ? ಅಳತೆ ನೆನಪಿಟ್ಟವರು ನಿಮ್ಮಪ್ಪ. ಕತ್ತರಿ ನನ್ನದು, ನೆನಪು ಅವರದು. ಹಳೇ ಗಿರಾಕಿ ಮೆಟ್ಟಿಲು ಹತ್ತುವಾಗಲೇ ಪರದೆಯ ಹಿಂದಿನಿಂದ ಇಸ್ತ್ರಿ ಮಾಡುತ್ತಾ "ಮೇಷ್ಟ್ರ ಬಲಭುಜ ಅರ್ಧ ಇಂಚು ಇಳಿಕೆ ಕಣೇ" ಎಂದು ಮೆತ್ತಗೆ ಹೇಳುತ್ತಿದ್ದರು, ನಾನು ಗಟ್ಟಿಯಾಗಿ ಹೇಳಿ ಮೆಚ್ಚುಗೆ ಗಿಟ್ಟಿಸಿಕೊಳ್ಳುತ್ತಿದ್ದೆ. ಅವರಿಗೆ ಅದೇ ಒಂದು ಆಟ. ಈಗ ಮೆಟ್ಟಿಲ ಸದ್ದಾದಾಗ ಪರದೆಯ ಕಡೆ ಕಿವಿ ಕೊಟ್ಟು ನಿಲ್ಲುತ್ತೇನೆ. ಅದನ್ನು ನೋಡಿಯೇ ಕಾಜಾದವಳು ನಿನಗೆ "ಅಮ್ಮ ಕಲ್ಲಿನ ಹಾಗೆ ನಿಂತುಬಿಡ್ತಾರೆ" ಎಂದು ಹೇಳಿರಬೇಕು.

ಡಾಕ್ಟರಮ್ಮ ಎಲ್ಲ ಕೇಳಿಸಿಕೊಂಡರು. ಸದ್ಯಕ್ಕೆ ಎದ್ದು ಕಾಣುವುದು ಖಿನ್ನತೆ, ಮರೆವಿನ ಕಾಯಿಲೆ ಎಂದು ಹೇಳುವ ಹಾಗಿಲ್ಲ ಎಂದರು. ಈ ವಯಸ್ಸಿನಲ್ಲಿ ಒಂದನ್ನು ನೋಡಿ ಇನ್ನೊಂದು ಎಂದುಕೊಳ್ಳುವುದು ಸುಲಭವಂತೆ. ಹಾಗೆಂದು ಮನಸ್ಸಿನ ಭಾರವನ್ನು ಹಾಗೇ ಬಿಡಬಾರದು, ಅಂಥವರಲ್ಲಿ ಮುಂದೆ ಮರೆವಿನ ಕಾಯಿಲೆಯ ಸಂಭವ ಹೆಚ್ಚಿರುತ್ತದೆ, ಎಲ್ಲರಿಗೂ ಬಂದೇ ಬರುತ್ತದೆ ಎಂದಲ್ಲ ಎಂದರು. ಮಾತ್ರೆ ಕೊಟ್ಟಿದ್ದಾರೆ, ವಾರಕ್ಕೊಮ್ಮೆ ಕೂತು ಮಾತಾಡಲು ಬನ್ನಿ ಎಂದಿದ್ದಾರೆ. ಕೆಲಸ ಬಿಡಬೇಕೇ ಎಂದು ಎದೆ ಗಟ್ಟಿ ಮಾಡಿಕೊಂಡು ಕೇಳಿದೆ. ಬಿಡಬೇಡಿ, ಅಳತೆಯನ್ನು ಇನ್ನೊಬ್ಬರು ಗಟ್ಟಿಯಾಗಿ ಓದಿ ಹೇಳಲಿ ಎಂದರು. ನಿನ್ನೆಯಿಂದ ಕಾಜಾದವಳು ಓದುತ್ತಿದ್ದಾಳೆ. ಅವಳ ದನಿ ಕೇಳಿದರೆ ಬೀದಿಯವರೆಲ್ಲ ಮೇಷ್ಟ್ರ ಹೊಟ್ಟೆ ಎಷ್ಟೆಂದು ತಿಳಿದುಕೊಳ್ಳುತ್ತಾರೆ. ಗಾರ್ಡಿನ ಹೊಸ ಕೋಟು ಕತ್ತರಿಸಿದೆ, ತೋಳು ಸರಿಯಾಗಿ ಬಂದಿವೆ.

ಅಳಿಯಂದಿರಿಗೆ ಕೇಳಿದೆನೆಂದು ಹೇಳು. ಭಾರ ಎತ್ತಬೇಡಿ ಎನ್ನು. ನೀನೂ ಹುಷಾರು, ಸಿಟ್ಟು ಎಷ್ಟೇ ಇರಲಿ, ನೀನು ಚೆನ್ನಾಗಿರಬೇಕೆಂಬುದರಲ್ಲಿ ನನಗೆ ಎರಡು ಮಾತಿಲ್ಲ.

ಇಂತಿ,
ನಿನ್ನ ಅಮ್ಮ

ತಾ.ಕ.: ಅಂಚೆ ಎತ್ತುವ ಹೊತ್ತಾಯಿತು, ಮುಖ್ಯವಾದದ್ದೇ ಬಿಟ್ಟಿದ್ದೇನೆ. ಆರು ತಿಂಗಳಾದ ಮೇಲೆ ಮತ್ತೆ ಕರೆಯುತ್ತಾರೆ. ಆಗ ನನ್ನ ಬಗ್ಗೆ ಕೇಳಲು ನನ್ನನ್ನು ಚೆನ್ನಾಗಿ ಬಲ್ಲ ಒಬ್ಬರ ಹೆಸರು ಹೇಳಿ ಎಂದಳು ಹುಡುಗಿ. ನಾನು ಬಗ್ಗಿ ಮೇಜಿನ ಕಾಲಿನ ಕೆಳಗಿನ ರಟ್ಟನ್ನು ಸರಿಪಡಿಸತೊಡಗಿದೆ. ಮರೆತೆನೆಂದುಕೊಂಡು ಅವಳೇ "ಮಗಳ ಹೆಸರು ಹೇಳಿ ಅಜ್ಜಿ" ಎಂದು ಜ್ಞಾಪಿಸಿದಳು. ಮರೆತಿರಲಿಲ್ಲ. ಕಾಜಾದವಳ ಹೆಸರು ಕೊಟ್ಟೆ.