ರಂಜಕದ ಭರಣಿಗೆ ಕಟ್ಟಿದ ಚೀಟಿ

ಅವ್ವ,

ಇದನ್ನು ದೇವರ ಜಗುಲಿಯ ಮೇಲಿಡಲೋ, ರಂಜಕದ ಭರಣಿಗೆ ಕಟ್ಟಲೋ ಎಂದು ಬಹಳ ಹೊತ್ತು ಯೋಚಿಸಿದೆ. ಜಳಕ ಮುಗಿಸಿ ನೀನು ಕೈ ಮುಗಿಯುವುದು ಅಲ್ಲಿ, ಕೈ ಹಾಕುವುದು ಇಲ್ಲಿ. ಹಾಗಾಗಿ ಭರಣಿಗೇ ಕಟ್ಟಿದ್ದೇನೆ.

ನಾನು ರಾಣೆಬೆನ್ನೂರಿಗೆ ಹೊರಟೆ. ಸುಭಾಷ ಮಾವ ಬೈಕ್ ತರುತ್ತಾನೆ. ಅವನ ಜೊತೆ ಹಾವೇರಿಯ ಆಸ್ಪತ್ರೆಗೆ ಹೋಗಿ ಪರೀಕ್ಷೆಗೆ ರಕ್ತ ಕೊಟ್ಟು ಬಾ. ಅಲ್ಲಿಯವರೆಗೆ ನೀರು ಬಿಟ್ಟು ಬೇರೇನೂ ಬೇಡ. ರೊಟ್ಟಿ ಕಟ್ಟಿಟ್ಟಿದ್ದೇನೆ, ಆಮೇಲೆ ತಿನ್ನು.

"ರಂಜಕಾನೂ ಕೆಂಪು, ರಕ್ತಾನೂ ಕೆಂಪು, ತಿಂದಷ್ಟು ರಕ್ತ ಆಗತೈತಿ" ಎಂದು ಡಾಕ್ಟರ ಮುಂದೆ ಹೇಳಬೇಡ. ಆ ಕೆಂಪು ನೀನು ಉಪ್ಪು ಸುರಿದು ಚಟ್ನಿ ಅರೆಯುವ ಬ್ಯಾಡಗಿ ಮೆಣಸಿನಕಾಯಿಯದು. ಅವರು ಹುಡುಕುವುದು ಉಪ್ಪನ್ನು. ಬಿಪಿ ಇರುವ ಕೆಲವರ ಕೆಂಪು ರಕ್ತಕಣಗಳ ಒಳಗೆ ಉಪ್ಪಿನಂಶ ಹೆಚ್ಚಿರುತ್ತದಂತೆ. ನಿನ್ನಂಥವರ ರಕ್ತ ತೆಗೆದು ಅದನ್ನೇ ಅಳೆಯುತ್ತಿದ್ದಾರೆ. ನಿನ್ನೆ ಇಷ್ಟೆಲ್ಲ ವಿವರಿಸಿದರೆ ನೀನು ಕೇಳಿದ್ದು ಒಂದೇ ಮಾತು: "ಯಾರ ಮನಿ ರಂಜಕ ಅಂತನೂ ಗೊತ್ತಾಗತೈತೇನೋ?"

ಗೊತ್ತಾಗುವುದಿಲ್ಲ. ಆದರೆ ಎದುರುಮನೆ ಸೋಮವ್ವನ ಹತ್ತಿರವೂ ನಿನ್ನದೊಂದು ಭರಣಿ ಇದೆ ಎಂದು ನನಗೆ ಗೊತ್ತಾಯಿತು.

ಬಿಪಿ ಗುಳಿಗೆ ಸಕ್ಕರೆ ಡಬ್ಬಿಯ ಮೇಲಿದೆ, ನೀರಿನ ಜೊತೆ ನುಂಗು. ಮರೆತೆ ಎನ್ನಬೇಡ, ಚಹಾ ಮರೆತವಳಲ್ಲ ನೀನು.

ಮೊನ್ನೆ ಹಿತ್ತಲಲ್ಲಿ ತಲೆ ಸುತ್ತಿ ಗೋಡೆ ಹಿಡಿದು ನಿಂತಿದ್ದೆಯಲ್ಲ, ನನ್ನನ್ನು ನೋಡಿದವಳೇ "ಏನಿಲ್ಲೋ, ಗ್ವಾಡಿ ಬೀಳಾಕತ್ತಿತ್ತು, ಹಿಡಕೊಂಡೇನಿ" ಅಂದಿ. ನಾನು ನಕ್ಕು ಒಳಗೆ ಬಂದೆ. ನನಗೆ ಬಹಳ ಹೆದರಿಕೆಯಾಗಿತ್ತು. ಅದನ್ನು ನಿನಗೆ ಹೇಳಲಿಲ್ಲ.